ವೊಲೆಮಿ ಪೈನ್ ಮಲೆನಾಡಿನ ಅಂಗಳದಲ್ಲಿ ಬದುಕೀತೇ?

ಹೆಂಚಿನಮನೆ, ತೀರ್ಥಹಳ್ಳಿ

ಎಲ್ಲರಿಗೂ ನಮಸ್ಕಾರ. ಸಿಡ್ನಿಯಲ್ಲಿರುವ ನನ್ನ ಮಗಳು ಹೋದ ವಾರ ಒಂದು ಗಿಡದ ಚಿತ್ರ ಕಳಿಸಿದಳು. ಮೊಣಕಾಲೆತ್ತರದ, ಕುಂಡದಲ್ಲಿ ನೆಟ್ಟ ಗಿಡ. ನಮ್ಮ ಹಳ್ಳದ ದರೆಯಲ್ಲಿ ಬೆಳೆಯುವ ಯಾವುದೋ ಜರಿಗಿಡವನ್ನು ಈ ಹುಡುಗಿ ದುಡ್ಡು ಕೊಟ್ಟು ತಂದಳಲ್ಲ ಎಂದು ನಾನು ನಕ್ಕಿದ್ದೆ. ಆಮೇಲೆ ಅವಳು ಅದರ ಹೆಸರು ವೊಲೆಮಿ ಪೈನ್ ಎಂದೂ, ಡೈನೋಸಾರುಗಳಿದ್ದ ಕಾಲದ ಮರವೆಂದೂ, 1994ರವರೆಗೆ ಅದು ಬದುಕಿದೆ ಎಂಬುದೇ ವಿಜ್ಞಾನಿಗಳಿಗೆ ಗೊತ್ತಿರಲಿಲ್ಲವೆಂದೂ ವಿವರಿಸಿದಳು. ಅಂದಿನಿಂದ ನನಗೆ ಅದರದೇ ಧ್ಯಾನ.

ನಮ್ಮ ಅಂಗಳದಲ್ಲಿ ಮಾವನವರು ನೆಟ್ಟ ಒಂದು ಅರೋಕೇರಿಯಾ ಇದೆ, ಊರವರು ಕ್ರಿಸ್‌ಮಸ್ ಮರ ಎನ್ನುವುದು ಅದನ್ನೇ. ಈಗ ಮನೆಯ ಎರಡರಷ್ಟು ಎತ್ತರವಾಗಿ ನಿಂತಿದೆ. ಅದು ಬದುಕಿದ ಜಾಗದಲ್ಲಿ ಅದರ ನೆಂಟನೂ ಬದುಕಬಹುದೆಂಬುದು ನನ್ನ ಆಸೆ. ದೀಪಾವಳಿಗೆ ಬರುವಾಗ ಗಿಡದ ಬುಡಕ್ಕೆ ಒದ್ದೆ ಬಟ್ಟೆ ಸುತ್ತಿ ಪೆಟ್ಟಿಗೆಯಲ್ಲಿ ಇಟ್ಟುಕೊಂಡು ಬರುತ್ತೇನೆ ಎಂದು ಮಗಳು ಹೇಳುತ್ತಿದ್ದಾಳೆ. ನಮ್ಮದು ಜಂಬಿಟ್ಟಿಗೆ ಮಣ್ಣು, ಮಳೆಯಂತೂ ನಿಮಗೆಲ್ಲ ಗೊತ್ತೇ ಇದೆ. ತಿಳಿದವರು ದಯವಿಟ್ಟು ಹೇಳಬೇಕು.

ಮೇಷ್ಟ್ರು, ಶಿವಮೊಗ್ಗ

ಅಮ್ಮಾ, ಮೊದಲಿಗೆ ನಿಮ್ಮ ನೆಂಟಸ್ತಿಕೆಯ ಮಾತು ಸರಿಯಾಗಿದೆ. ಹೆಸರಿನಲ್ಲಿ ಪೈನ್ ಎಂದಿದ್ದರೂ ಇದು ಹಿಮಾಲಯದ ಪೈನ್ ಮರಗಳ ಬಳಗಕ್ಕೆ ಸೇರಿದ್ದಲ್ಲ. ಅರೋಕೇರಿಯೇಸಿ ಎಂಬ ಕುಟುಂಬದಲ್ಲಿ ಇಂದು ಉಳಿದಿರುವುದು ಮೂರೇ ಕುಲಗಳು: ನಿಮ್ಮ ಅಂಗಳದ ಅರೋಕೇರಿಯಾ, ಅಗಾಥಿಸ್ ಮತ್ತು ಈ ವೊಲೆಮಿಯಾ. ಮೂರನೆಯದರಲ್ಲಿ ಇರುವುದು ಒಂದೇ ಪ್ರಭೇದ. ಬೆಂಗಳೂರಿನ ಲಾಲ್‌ಬಾಗ್‌ನಲ್ಲಿ ನೇರಕ್ಕೆ ನಿಂತ ಅರೋಕೇರಿಯಾಗಳನ್ನು ನೋಡಿದವರಿಗೆ ಈ ವಂಶದ ಗತ್ತು ಎಂಥದೆಂದು ತಿಳಿದಿರುತ್ತದೆ.

ಸಿಡ್ನಿಯ ವಾಯವ್ಯಕ್ಕೆ ಮರಳುಗಲ್ಲಿನ ಆಳವಾದ ಕಮರಿಗಳಿರುವ ವೊಲೆಮಿ ರಾಷ್ಟ್ರೀಯ ಉದ್ಯಾನವಿದೆ. ಅಲ್ಲಿನ ಉದ್ಯಾನ ಸಿಬ್ಬಂದಿಯಲ್ಲೊಬ್ಬರಾದ ಡೇವಿಡ್ ನೋಬಲ್ 1994ರ ಸೆಪ್ಟೆಂಬರಿನಲ್ಲಿ ಗೆಳೆಯರೊಡನೆ ಹಗ್ಗ ಹಿಡಿದು ಒಂದು ಕಮರಿಗೆ ಇಳಿದಾಗ, ತಾವು ಎಂದೂ ನೋಡಿರದ ಮರಗಳನ್ನು ಕಂಡು ಒಂದು ಟೊಂಗೆಯನ್ನು ಚೀಲಕ್ಕೆ ಹಾಕಿಕೊಂಡು ಬಂದರು. ಅದನ್ನು ನೋಡಿದ ಸಸ್ಯತಜ್ಞರು ಮೊದಲು ಕೇಳಿದ್ದು, ಇದು ಜರಿಗಿಡದ್ದೋ ಪೊದೆಯದ್ದೋ ಎಂದಂತೆ. ಹಾಗಾಗಿ ಮಗಳ ಚಿತ್ರ ನೋಡಿ ನೀವು ನಕ್ಕಿದ್ದರಲ್ಲಿ ತಪ್ಪೇನಿಲ್ಲ. ಅದು ಬಿದ್ದದ್ದು ನಲವತ್ತು ಮೀಟರಿನವರೆಗೆ ಬೆಳೆಯುವ ಮರದಿಂದ. ಮರುವರ್ಷ ಅದಕ್ಕೆ ವೊಲೆಮಿಯಾ ನೋಬಿಲಿಸ್ ಎಂಬ ಹೆಸರಾಯಿತು. ಇದರ ಪರಾಗಕ್ಕೆ ಹೋಲುವ ಪರಾಗದ ಪಳೆಯುಳಿಕೆಗಳು ಆಸ್ಟ್ರೇಲಿಯಾ, ನ್ಯೂಜಿಲ್ಯಾಂಡ್ ಮತ್ತು ಅಂಟಾರ್ಕ್ಟಿಕಾಗಳಲ್ಲಿ ಸಿಕ್ಕಿವೆ. ಅವುಗಳಲ್ಲಿ ಹಳೆಯವು ಸುಮಾರು 9 ಕೋಟಿ ವರ್ಷದಷ್ಟು ಹಿಂದಿನವು. ಸುಮಾರು 20 ಲಕ್ಷ ವರ್ಷಗಳ ಹಿಂದೆ ಆ ಪರಾಗ ಭೂಪದರಗಳಿಂದ ಮರೆಯಾಗುತ್ತದೆ. ಹಾಗೆ ಮರೆಯಾದದ್ದು ಒಂದು ಕಮರಿಯ ತಳದಲ್ಲಿ ಕುಳಿತು ಕಾಯುತ್ತಿತ್ತು. ಕಾಡಿನಲ್ಲಿ ಬೆಳೆದು ನಿಂತ ಮರಗಳ ಸಂಖ್ಯೆ ಇಂದಿಗೂ ನೂರನ್ನು ಮುಟ್ಟುವುದಿಲ್ಲ.

ಕೊಪ್ಪದವ, ಸದ್ಯ ಸಿಡ್ನಿ

ನಾನು ಕೊಪ್ಪದ ಕಾಫಿ ತೋಟದ ಮನೆಯವನು. ಹನ್ನೆರಡು ವರ್ಷದಿಂದ ಇಲ್ಲಿದ್ದೇನೆ, ಎಂಟು ವರ್ಷದಿಂದ ಒಂದು ವೊಲೆಮಿಯನ್ನು ಕುಂಡದಲ್ಲಿ ಸಾಕುತ್ತಿದ್ದೇನೆ. ಪುಸ್ತಕದ ಮಾತು ಮೇಷ್ಟ್ರು ಹೇಳಿದ್ದಾರೆ, ನಾನು ಕಣ್ಣಿಗೆ ಕಂಡದ್ದನ್ನು ಬರೆಯುತ್ತೇನೆ.

ಜನ ಇದಕ್ಕೆ ಮರುಳಾಗುವುದು ವಯಸ್ಸಿನ ಕಾರಣಕ್ಕೆ ಎಂದು ಎಲ್ಲರೂ ಬರೆಯುತ್ತಾರೆ. ನನ್ನ ಮಟ್ಟಿಗೆ ಹೇಳುವುದಾದರೆ ಆ ಮೋಹ ಮೊದಲ ಆರು ತಿಂಗಳದ್ದು. ಆಮೇಲೆ ಹಿಡಿದು ನಿಲ್ಲಿಸುವುದು ಅದರ ನಡವಳಿಕೆ. ಚಳಿಗಾಲ ಬಂತೆಂದರೆ ಬೆಳೆಯುವ ತುದಿ ನಿಂತುಬಿಡುತ್ತದೆ, ಮೊಗ್ಗಿನ ಮೇಲೆ ಬಿಳಿಯ ರಾಳದ ಟೋಪಿ ಕೂರುತ್ತದೆ. ದೋಸೆಯ ಕಾವಲಿಗೆ ತಾಗಿದ ಮೇಣದಂತೆ ತೆಳ್ಳಗೆ, ಹೊಳಪಾಗಿ. ವಸಂತದಲ್ಲಿ ಚಿಗುರು ಆ ಟೋಪಿಯನ್ನು ಸೀಳಿಕೊಂಡು ಬರುತ್ತದೆ. ಹೊಸ ಎಲೆ ಎಳೆ ಬಾಳೆಸುಳಿಯ ಹಸಿರು, ಅದರ ಹಿಂದಿನ ವರ್ಷದ್ದು ನೀಲಿ ಬೆರೆತ ಕಡುಹಸಿರು. ಒಂದೇ ಟೊಂಗೆಯಲ್ಲಿ ಯಾವ ವರ್ಷ ಎಷ್ಟು ಬೆಳೆದಿದೆ ಎಂಬುದನ್ನು ಬೆರಳಿಟ್ಟು ಎಣಿಸಬಹುದು. ಎಳೆಯ ಗಿಡದಲ್ಲಿ ಎಲೆಗಳು ಎರಡು ಸಾಲಾಗಿ ಚಪ್ಪಟೆಯಾಗಿರುತ್ತವೆ, ಬಲಿತ ಟೊಂಗೆಗಳಲ್ಲಿ ನಾಲ್ಕು ಸಾಲಾಗುತ್ತವೆ.

ಇನ್ನು ತೊಗಟೆ. ಇಲ್ಲಿಯವರು ಅದನ್ನು ಚಾಕೊಲೇಟಿನ ಗುಳ್ಳೆಗಳಿಗೆ ಹೋಲಿಸುತ್ತಾರೆ. ಆಲೆಮನೆ ನೋಡಿದ ನಮ್ಮಂಥವರಿಗೆ ಅದಕ್ಕಿಂತ ಸರಿಯಾದ ಹೋಲಿಕೆ ಇದೆ: ಕೊಪ್ಪರಿಗೆಯಲ್ಲಿ ಜೋನಿಬೆಲ್ಲ ಹದಕ್ಕೆ ಬರುವಾಗ ಏಳುವ ದಪ್ಪ ಗುಳ್ಳೆಗಳನ್ನು ಇದ್ದಲ್ಲೇ ಗಟ್ಟಿ ಮಾಡಿಟ್ಟರೆ ಹೇಗಿರುತ್ತದೋ ಹಾಗೆ. ನನ್ನ ಗಿಡ ಇನ್ನೂ ಆ ವಯಸ್ಸಿಗೆ ಬಂದಿಲ್ಲ, ಇಲ್ಲಿನ ಸಸ್ಯೋದ್ಯಾನದ ಮರದಲ್ಲಿ ನೋಡಿದ್ದೇನೆ. ಮತ್ತೊಂದು ವಿಚಿತ್ರವೆಂದರೆ ಇದು ಎಲೆ ಉದುರಿಸುವುದಿಲ್ಲ, ಇಡೀ ಟೊಂಗೆಯನ್ನೇ ಕಳಚಿ ಹಾಕುತ್ತದೆ, ನಮ್ಮ ಅಡಿಕೆ ಮರ ಸೋಗೆ ಬೀಳಿಸಿದಂತೆ.

ಬೆಟ್ಟದಮನೆ, ಹೊಸನಗರ

ಕ್ಷಮಿಸಿ, ನನ್ನದು ಬೇರೆ ರಾಗ. ಹೊರದೇಶದ ಮರಗಳನ್ನು ತಂದು ಮಲೆನಾಡು ಏನಾಯಿತೆಂಬುದು ಕಣ್ಣೆದುರಿಗಿದೆ. ಅಕೇಶಿಯಾ, ನೀಲಗಿರಿ ನೆಟ್ಟ ಗುಡ್ಡಗಳಲ್ಲಿ ಈಗ ದನಕ್ಕೆ ಹಿಡಿ ಕರಡ ಸಿಗುವುದಿಲ್ಲ. ಅವೂ ಆಸ್ಟ್ರೇಲಿಯಾದ ಕಡೆಯಿಂದಲೇ ಬಂದವು. ಅಪರೂಪದ್ದೇ ಬೇಕೆಂದರೆ ಸಿದ್ದಾಪುರದ ಕತ್ತಲೆಕಾನಿಗೆ ಹೋಗಿ ರಾಮಪತ್ರೆ ಜಡ್ಡಿ, ಅಂದರೆ ಜೌಗು ಕಾಡು, ನೋಡಿ. ಅಲ್ಲಿ ಗೇರಿನ ಬಳಗದ ಒಂದು ಮರಕ್ಕೆ 2000ದಲ್ಲಿ ಆ ಕಾನಿನ ಹೆಸರನ್ನೇ ಸೇರಿಸಿ ನಾಮಕರಣ ಮಾಡಿದರು. ಅದೂ ನಿಮ್ಮ ವೊಲೆಮಿಯಂತೆ ಮೊನ್ನೆ ಮೊನ್ನೆ ವಿಜ್ಞಾನಕ್ಕೆ ಗೊತ್ತಾದದ್ದು, ಅದೂ ಎಣಿಕೆಗೆ ಸಿಗುವಷ್ಟೇ ಇರುವುದು. ಅದಕ್ಕೆ ಯಾರೂ ಧ್ಯಾನ ಮಾಡಿದ್ದು ಕಾಣೆ.

ಮೇಷ್ಟ್ರು, ಶಿವಮೊಗ್ಗ

ಕತ್ತಲೆಕಾನಿನ ಮಾತು ಒಪ್ಪಿದೆ. ಆದರೆ ಅಕೇಶಿಯಾವನ್ನೂ ವೊಲೆಮಿಯನ್ನೂ ಒಂದೇ ಹಗ್ಗದಲ್ಲಿ ಕಟ್ಟುವುದು ನ್ಯಾಯವಲ್ಲ. ಅಕೇಶಿಯಾ ತಾನಾಗಿ ಬೀಜ ಚೆಲ್ಲಿ ಹಬ್ಬುತ್ತದೆ, ಇದು ತನ್ನ ಕಮರಿಯನ್ನು ದಾಟಿ ಪಕ್ಕದ ಕಮರಿಗೂ ಹೋಗಲಾರದೆ ಉಳಿದ ಮರ. ಪೈನ್, ಅರೋಕೇರಿಯಾಗಳು ಸೇರುವ ಕೋನಿಫರ್ ಜಾತಿಯಲ್ಲೇ ನಮ್ಮದೆನ್ನುವಂಥದ್ದು ಬೇಕಾದವರಿಗೆ ಪಶ್ಚಿಮಘಟ್ಟದ ದಕ್ಷಿಣ ಭಾಗದ ಕಾಡುಗಳಲ್ಲಿ ನಗೇಯಾ ವಾಲಿಚಿಯಾನಾ ಎಂಬ ಮರವಿದೆ. ದಕ್ಷಿಣ ಭಾರತಕ್ಕೆ ಸಹಜವಾದ ಕೋನಿಫರ್ ಅದೊಂದೇ. ಅಗಲ ಎಲೆಯ ಕಾರಣ ಮೊದಲ ನೋಟಕ್ಕೆ ಯಾರೂ ಅದನ್ನು ಕೋನಿಫರ್ ಎನ್ನಲಾರರು.

ಕಾನುತೋಟ, ಸಾಗರ

ಇಷ್ಟು ಹೊತ್ತೂ ಎಲ್ಲರೂ ಮರದ ಮೇಲ್ಭಾಗದ ಮಾತೇ ಆಡಿದ್ದೀರಿ. ಪ್ರಶ್ನೆ ಇರುವುದು ಬುಡದಲ್ಲಿ.

ನಾನು ಅಡಿಕೆ, ಕಾಳುಮೆಣಸು ಮಾಡುವವನು. ಈ ಮರದ ಬಗ್ಗೆ ಓದುತ್ತ ಹೋದಾಗ ಒಂದು ಕಡೆ ಬೆಚ್ಚಿ ನಿಂತೆ. ಕಮರಿಯ ಆ ಮರಗಳಿಗೆ ಬೆಂಕಿಯ ಜೊತೆಗೆ ಇರುವ ದೊಡ್ಡ ವೈರಿ ಫೈಟಾಫ್ತೊರ ಸಿನ್ನಮೊಮಿ ಎಂಬ ರೋಗಾಣು. ಫೈಟಾಫ್ತೊರ ಎಂದರೆ ಯಾರಿಗೆ ಗೊತ್ತಿಲ್ಲದಿದ್ದರೂ ಮಲೆನಾಡಿನವರಿಗೆ ಗೊತ್ತಿರಬೇಕು. ನಮ್ಮ ಅಡಿಕೆಯ ಕೊಳೆರೋಗ ತರುವುದು ಅದೇ ಕುಲದ್ದು, ಮೆಣಸಿನ ಬಳ್ಳಿಯನ್ನು ವಾರದೊಳಗೆ ಕಪ್ಪಾಗಿಸುವ ಸೊರಗು ರೋಗದ್ದೂ ಅದೇ ಕುಲ. 1910ರ ಸುಮಾರಿಗೆ ಮೈಸೂರು ಸಂಸ್ಥಾನದ ಲೆಸ್ಲಿ ಕೋಲ್ಮನ್ ಕೊಳೆರೋಗವನ್ನು ಅಭ್ಯಾಸ ಮಾಡಿ ಬೋರ್ಡೋ ದ್ರಾವಣದ ದಾರಿ ತೋರಿಸಿದ್ದರಿಂದ ನಮ್ಮ ಅಜ್ಜಂದಿರ ಅಡಿಕೆ ಗೊನೆಗಳು ಉಳಿದವು. ಇಂದಿಗೂ ನಾವು ನೂರು ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ ಎಂದೇ ಲೆಕ್ಕ ಹಾಕುತ್ತೇವೆ. ಅಂಟಿಗೆಂದು ಬೆರೆಸುವ ರಾಳ ಪೈನ್ ಮರದ್ದೆಂಬುದು ಬೇರೆ ತಮಾಷೆ.

ಈ ಫೈಟಾಫ್ತೊರ ಮಾಮೂಲಿ ಶಿಲೀಂಧ್ರವಲ್ಲ. ಇದರ ಬೀಜಕಣಗಳಿಗೆ ಬಾಲವಿದೆ, ಮಣ್ಣಿನ ಸಂದಿಯಲ್ಲಿ ನಿಂತ ನೀರಿನಲ್ಲಿ ಅವು ಈಜಿಕೊಂಡು ಬೇರನ್ನು ಹುಡುಕುತ್ತವೆ. ಹಾಗಾಗಿಯೇ ಆರಿದ್ರಾ, ಪುನರ್ವಸು ಮಳೆ ಬಿಡದೆ ಹೊಡೆದ ವರ್ಷ ನಮ್ಮ ಎದೆ ಡವಗುಟ್ಟುತ್ತದೆ. ಅಡಿಕೆಯಲ್ಲಿ ಕೊಳೆ ಬರುವುದು ಗೊನೆಗೆ. ಅಲ್ಲಿಗೆ ಮಳೆ ತಾಗದಂತೆ ಕೊಟ್ಟೆ ಕಟ್ಟಬಹುದು, ದ್ರಾವಣ ಹೊಡೆಯಬಹುದು. ಸಿನ್ನಮೊಮಿ ಹಿಡಿಯುವುದು ಬೇರನ್ನು. 1922ರಲ್ಲಿ ಸುಮಾತ್ರಾದ ದಾಲ್ಚಿನ್ನಿ ಮರಗಳಲ್ಲಿ ಮೊದಲು ವಿವರಿಸಿದ್ದರಿಂದ ಅದಕ್ಕೆ ಆ ಹೆಸರು ಬಂತು, ಬೆಣ್ಣೆಹಣ್ಣಿನ ಮರದ ಬೇರು ಕೊಳೆಸುವುದೂ ಅದೇ. ಬೆಣ್ಣೆಹಣ್ಣು ಈಗ ನಮ್ಮಲ್ಲಿ ಯಾರ ತೋಟದಲ್ಲಿಲ್ಲ ಹೇಳಿ?

ಆದ್ದರಿಂದ ಅಮ್ಮಾ, ನಿಮ್ಮ ಮಣ್ಣು ಹುಳಿ ಮಣ್ಣು ಎಂಬುದು ಆ ಗಿಡಕ್ಕೆ ಹಿತವೇ ಸರಿ, ಅದರ ಮೂಲದ ಮರಳುಗಲ್ಲಿನ ಮಣ್ಣೂ ಹುಳಿಯದ್ದೇ. ಆದರೆ ಅಂಗಳದಲ್ಲಿ ಗುಂಡಿ ತೋಡಿ ನೆಟ್ಟರೆ ಜೂನ್ ಕಳೆಯುವುದರೊಳಗೆ ಆ ಗುಂಡಿ ಒಂದು ಬಾವಿ. ನೆಡಲೇಬೇಕೆಂದರೆ ಇಳಿಜಾರಿನಲ್ಲಿ, ದಿಬ್ಬ ಮಾಡಿ, ಸುತ್ತ ಬಸಿಗಾಲುವೆ ತೆಗೆದು, ಮೆಣಸಿನ ಬಳ್ಳಿ ಇರುವ ಜಾಗದಿಂದ ದೂರದಲ್ಲಿ ನೆಡಬೇಕು. ನಾನಾಗಿದ್ದರೆ ನೆಲಕ್ಕೆ ಹಾಕುತ್ತಲೇ ಇರಲಿಲ್ಲ.

ಕೊಪ್ಪದವ, ಸದ್ಯ ಸಿಡ್ನಿ

ಕಾನುತೋಟದವರು ನನ್ನ ಗಾಯಕ್ಕೇ ಕೈ ಹಾಕಿದರು. ಈಗಿರುವುದು ನನ್ನ ಎರಡನೆಯ ಗಿಡವೆಂದುಕೊಳ್ಳಬೇಡಿ, ಒಟ್ಟಿಗೆ ತಂದ ಎರಡರಲ್ಲಿ ಉಳಿದದ್ದು. 2022ರಲ್ಲಿ ಸಿಡ್ನಿಗೆ ದಾಖಲೆಯ ಮಳೆ ಬಂತು, ವರ್ಷಕ್ಕೆ 2,500 ಮಿಲಿಮೀಟರಿಗೂ ಹೆಚ್ಚು. ಇಲ್ಲಿಯವರು ಜಲಪ್ರಳಯವೆಂದರು, ಆಗುಂಬೆಯಲ್ಲಿ ಒಂದು ಒಳ್ಳೆಯ ಜುಲೈ ತಿಂಗಳಲ್ಲೇ ಅಷ್ಟು ಸುರಿಯುತ್ತದೆಂದು ನಾನು ಒಳಗೊಳಗೇ ನಕ್ಕೆ. ನಗುವಿನ ನಡುವೆ ಒಂದು ಕುಂಡದ ಕೆಳಗೆ ತಟ್ಟೆ ಇಟ್ಟಿದ್ದನ್ನು ಮರೆತಿದ್ದೆ. ತಟ್ಟೆಯಲ್ಲಿ ನೀರು ಮೂರು ವಾರ ನಿಂತಿತ್ತು.

ಈ ಗಿಡದ ದೊಡ್ಡ ಮೋಸವೆಂದರೆ ಸಾಯುವುದನ್ನು ತೋರಿಸಿಕೊಳ್ಳುವುದಿಲ್ಲ. ಮೆಣಸಿನ ಬಳ್ಳಿಯಾದರೆ ಎಲೆ ಜೋಲುತ್ತದೆ, ನಮಗೆ ತಿಳಿಯುತ್ತದೆ. ಇದು ಎರಡು ತಿಂಗಳು ಹಸಿರಾಗಿಯೇ ನಿಂತಿತ್ತು. ಬಣ್ಣ ಸ್ವಲ್ಪ ಮಂಕಾದಂತೆ ಕಂಡು ಕುಂಡದಿಂದ ಎತ್ತಿ ನೋಡಿದರೆ ಬೇರೆಂಬುದು ಬೆರಳಿನಲ್ಲಿ ಹಿಂಡಿದರೆ ಸಿಪ್ಪೆ ಕೈಗೆ ಬಂದು ಒಳಗಿನ ನೂಲು ಮಾತ್ರ ಉಳಿಯುವ ಸ್ಥಿತಿಯಲ್ಲಿತ್ತು. ಅದು ಸಿನ್ನಮೊಮಿಯೋ ಬರೇ ಉಸಿರುಗಟ್ಟಿದ್ದೋ ನಾನು ಪರೀಕ್ಷೆ ಮಾಡಿಸಲಿಲ್ಲ. ಉಳಿದ ಗಿಡದ ಕುಂಡವನ್ನು ಅಂದೇ ಮೂರು ಇಟ್ಟಿಗೆಯ ಮೇಲೆ ಎತ್ತಿಟ್ಟೆ.

ಹೆಂಚಿನಮನೆ, ತೀರ್ಥಹಳ್ಳಿ

ಓದಿ ಸ್ವಲ್ಪ ಹೆದರಿಕೆಯಾಯಿತು. ನೆಲದಲ್ಲಿ ಬೇಡ, ಕುಂಡದಲ್ಲಿ ಸೂರಿನ ಒಳಗಡೆ ಇಡುತ್ತೇನೆ, ಮಳೆ ನೀರು ತಾಗದಂತೆ. ಹಾಗಾದರೆ ತರಿಸಬಹುದಲ್ಲವೇ? ಗಿಡ ತರುವುದು ಕಷ್ಟವಾದರೆ ಒಂದು ಟೊಂಗೆ ಕತ್ತರಿಸಿ ತಂದು ಬೇರು ಬರಿಸಲು ಆಗದೇ?

ಸಸಿಮಡಿ, ಹೊಸನಗರ

ಅಕ್ಕ, ಎರಡಕ್ಕೂ ಉತ್ತರ ಹೇಳುತ್ತೇನೆ, ಎರಡೂ ನಿಮಗೆ ಹಿಡಿಸಲಿಕ್ಕಿಲ್ಲ.

ಟೊಂಗೆಯ ಮಾತು ಮೊದಲು. ಮೆಣಸಿನಲ್ಲಿ ಹಬ್ಬುವ ಕುಡಿಯನ್ನು ನೆಟ್ಟರೆ ಮರ ಹತ್ತುವ ಬಳ್ಳಿಯಾಗುತ್ತದೆ, ಕಾಯಿ ಬಿಡುವ ಅಡ್ಡ ಕವಲನ್ನು ನೆಟ್ಟರೆ ಕುಂಡದಲ್ಲೇ ಪೊದೆಯಾಗಿ ಕೂರುತ್ತದೆ. ಪೊದೆ ಮೆಣಸು ಮಾಡುವುದು ಹಾಗೆಯೇ ತಾನೆ? ಕಾಫಿಯಲ್ಲೂ ನೆಟ್ಟಗೆ ಏಳುವ ಚಿಗುರಿನ ಗುಣ ಬೇರೆ, ರೆಕ್ಕೆಯ, ಅಂದರೆ ಅಡ್ಡ ಕವಲಿನ, ಗುಣ ಬೇರೆ. ಅರೋಕೇರಿಯಾ ವಂಶದ್ದೂ ಇದೇ ಹಟ. ಪಕ್ಕದ ಟೊಂಗೆಗೆ ಬೇರು ಬರಿಸಿದರೂ ಅದು ತಾನು ಟೊಂಗೆಯೆಂಬುದನ್ನು ಮರೆಯುವುದಿಲ್ಲ, ಅಡ್ಡಡ್ಡಕ್ಕೇ ಹೋಗುತ್ತದೆ. ನೆಟ್ಟಗಿನ ಮರ ಬೇಕೆಂದರೆ ನೆಟ್ಟಗಿನ ಕುಡಿಯನ್ನೇ ಕತ್ತರಿಸಬೇಕು. ಮಗಳ ಮೊಣಕಾಲೆತ್ತರದ ಗಿಡದಲ್ಲಿ ಅಂಥ ಕುಡಿ ಇರುವುದು ಒಂದೇ, ಅದನ್ನು ಕತ್ತರಿಸಿದರೆ ಅವಳ ಗಿಡದ ತಲೆ ಹೋಯಿತು. ಬುಡದಿಂದ ಮತ್ತೆ ಚಿಗುರುವ ಶಕ್ತಿ ಈ ಮರಕ್ಕೆ ಇದೆ, ಕಾಡಿನ ಮರಗಳು ಒಂದೇ ಬುಡದಿಂದ ಹತ್ತಾರು ಕಾಂಡ ಎಬ್ಬಿಸಿಕೊಂಡು ನಿಂತಿರುತ್ತವೆ. ಆದರೂ ಎಳೆಯ ಗಿಡಕ್ಕೆ ಆ ಶಿಕ್ಷೆ ಬೇಡ.

ಎರಡನೆಯದು ಪೆಟ್ಟಿಗೆಯ ಮಾತು. 2003ರ ಸಸ್ಯ ಸಂಗರೋಧ ಆದೇಶದ ಪ್ರಕಾರ ಹೊರದೇಶದಿಂದ ಗಿಡ ತರಲು ಮೊದಲೇ ಆಮದು ಪರವಾನಗಿ ಬೇಕು, ಆ ದೇಶದವರು ಕೊಟ್ಟ ಸಸ್ಯ ಆರೋಗ್ಯದ ಪ್ರಮಾಣಪತ್ರ ಬೇಕು. ಬುಡಕ್ಕೆ ಮಣ್ಣು ಅಂಟಿಕೊಂಡ ಗಿಡವನ್ನು ಬಟ್ಟೆಯ ನಡುವೆ ಬಚ್ಚಿಟ್ಟು ತರುವುದು ತಪ್ಪು. ಕಾನೂನನ್ನು ಬದಿಗಿಟ್ಟು ನೋಡಿದರೂ, ಕಾನುತೋಟದವರು ಹೇಳಿದ ಆ ಈಜುವ ಕಣಗಳು ಪ್ರಯಾಣ ಮಾಡುವುದು ಇಂಥ ಒದ್ದೆ ಬಟ್ಟೆ, ಒದ್ದೆ ಮಣ್ಣಿನಲ್ಲೇ. ನಮ್ಮಲ್ಲಿರುವ ಆ ರೋಗಾಣುವಿನ ತಳಿಗಳೇ ನಮಗೆ ಸಾಕಷ್ಟಾಗಿವೆ.

ಕೊಪ್ಪದವ, ಸದ್ಯ ಸಿಡ್ನಿ

ಸಸಿಮಡಿಯವರ ಮಾತಿಗೆ ಈ ಕಡೆಯಿಂದ ಒಂದು ಸಾಕ್ಷಿ ಸೇರಿಸುತ್ತೇನೆ. ಆ ಕಮರಿ ಎಲ್ಲಿದೆ ಎಂಬುದನ್ನು ಇಲ್ಲಿನ ಸರ್ಕಾರ ಇಂದಿಗೂ ಗುಟ್ಟಾಗಿಟ್ಟಿದೆ. ಅಧಿಕೃತವಾಗಿ ಹೋಗುವ ವಿಜ್ಞಾನಿಗಳೂ ಬೂಟು, ಸಲಕರಣೆಗಳನ್ನು ರೋಗನಾಶಕದಲ್ಲಿ ತೊಳೆದೇ ಇಳಿಯುತ್ತಾರೆ. ಇಷ್ಟಾದರೂ 2005ರಲ್ಲಿ ಅಲ್ಲಿನ ಮಣ್ಣಿನಲ್ಲಿ ಸಿನ್ನಮೊಮಿ ಕಾಣಿಸಿಕೊಂಡಿತು. ಮರವನ್ನು ಕಣ್ತುಂಬ ನೋಡುವ ಆಸೆಯಿಂದ ಕದ್ದು ಹೋದವರ ಬೂಟಿನ ಮಣ್ಣಿನಲ್ಲಿ ಅದು ಬಂದಿರಬೇಕೆಂಬುದು ಬಲವಾದ ಅನುಮಾನ. ಆ ಮರಗಳಲ್ಲಿ ಆನುವಂಶಿಕ ವ್ಯತ್ಯಾಸ ಇಲ್ಲವೆಂಬಷ್ಟು ಕಡಿಮೆ. ಒಂದಕ್ಕೆ ತಡೆಯುವ ಶಕ್ತಿ ಇಲ್ಲವೆಂದರೆ ಯಾವುದಕ್ಕೂ ಇಲ್ಲವೆಂದೇ ಅರ್ಥ.

ಈ ಕಾರಣಕ್ಕೇ ಇದನ್ನು ಮಾರಲು ಶುರು ಮಾಡಿದ್ದು. ಜನಕ್ಕೆ ಮನೆಯಲ್ಲೇ ಸಿಕ್ಕಿದರೆ ಕಾಡಿಗೆ ಕದ್ದು ಹೋಗುವುದಿಲ್ಲ, ಬಂದ ಹಣದಲ್ಲಿ ಒಂದು ಪಾಲು ಸಂರಕ್ಷಣೆಗೆ ಸಿಗುತ್ತದೆ, ಕಾಡಿನದು ಅಳಿದರೂ ಲೋಕದ ಹಿತ್ತಿಲುಗಳಲ್ಲಿ ಒಂದಷ್ಟು ಉಳಿಯುತ್ತದೆ ಎಂಬ ಲೆಕ್ಕ. 2005ರ ಅಕ್ಟೋಬರಿನಲ್ಲಿ ಮೊದಲ ತಲೆಮಾರಿನ ಗಿಡಗಳನ್ನು ಸೋದ್‌ಬೀಸ್ ಸಂಸ್ಥೆ ಸಿಡ್ನಿಯಲ್ಲಿ ಹರಾಜು ಹಾಕಿತು, ಹತ್ತು ಲಕ್ಷ ಆಸ್ಟ್ರೇಲಿಯನ್ ಡಾಲರಿಗೂ ಹೆಚ್ಚು ಹಣ ಬಂತು. ಮರುವರ್ಷ ಎಲ್ಲರಿಗೂ ಮಾರಾಟಕ್ಕೆ ಬಿಟ್ಟರು. ಲಂಡನ್ನಿನ ಕ್ಯೂ ಉದ್ಯಾನದಲ್ಲಿ 2005ರಲ್ಲಿ ವನ್ಯಜೀವಿ ಚಿತ್ರಗಳ ಡೇವಿಡ್ ಅಟೆನ್‌ಬರೋ ನೆಟ್ಟ ಗಿಡಕ್ಕೆ ಕಳ್ಳರ ಭಯದಿಂದ ಕಬ್ಬಿಣದ ಪಂಜರ ಹಾಕಿದ್ದರು. 2020ರಲ್ಲಿ ವಿಜ್ಞಾನಿಗಳು ಮನೆಗಳಲ್ಲಿ ಇದನ್ನು ಬೆಳೆಸುವವರನ್ನೆಲ್ಲ ವಿಚಾರಿಸಿ, ಗಿಡ ಎಷ್ಟೆತ್ತರ, ಬಿಸಿಲು ಎಷ್ಟು, ಮಳೆ ಎಷ್ಟು ಎಂದು ಕೇಳಿದಾಗ ಹತ್ತಾರು ದೇಶಗಳಿಂದ ಸಾವಿರಕ್ಕೂ ಹೆಚ್ಚು ಮಂದಿ ಉತ್ತರಿಸಿದರು. ನಾನೂ ಅಳತೆ ಪಟ್ಟಿ ಹಿಡಿದು ಕುಂಡದ ಮುಂದೆ ಕುಳಿತಿದ್ದೆ. 2019–20ರ ಬೇಸಿಗೆಯಲ್ಲಿ ಕಾಡ್ಗಿಚ್ಚು ಕಮರಿಯ ಹತ್ತಿರ ಬಂದಾಗ ಬೆಂಕಿ ಆರಿಸುವವರು ಹೆಲಿಕಾಪ್ಟರಿನಿಂದ ಇಳಿದು ಮರಗಳ ನಡುವೆ ನೀರಿನ ಕೊಳವೆ ಎಳೆದು ಕಾದರು. ಕೆಲವು ಮರಗಳು ಸುಟ್ಟು ಕಪ್ಪಾದವು, ಗುಂಪು ಉಳಿಯಿತು.

ಬೆಟ್ಟದಮನೆ, ಹೊಸನಗರ

ಕುಂಡದ ಗಿಡವನ್ನು ಅಳೆದು ಲೆಕ್ಕ ಕೊಟ್ಟರು ಎಂಬುದು ನನಗೆ ಹಿಡಿಸಿತು. ನನ್ನ ಮೊದಲ ಮಾತನ್ನು ಪೂರ್ತಿ ಹಿಂತೆಗೆದುಕೊಳ್ಳುವುದಿಲ್ಲ. ಆದರೆ ನಮ್ಮ ಜಡ್ಡಿಯ ಮರಗಳನ್ನೂ ಹೀಗೆ ಹತ್ತು ಮನೆಯ ಹಿತ್ತಿಲಲ್ಲಿ ಬೆಳೆಸಿ ಲೆಕ್ಕ ಇಡಬಾರದೇಕೆ ಎಂಬ ಯೋಚನೆ ಬಂತು. ಅದನ್ನು ಬೇರೆಯಾಗಿಯೇ ಚರ್ಚಿಸೋಣ, ಇಲ್ಲಿ ಅಮ್ಮನವರ ಗಿಡದ ವಿಚಾರ ಮುಗಿಯಲಿ.

ಹೆಂಚಿನಮನೆ, ತೀರ್ಥಹಳ್ಳಿ

ಎಲ್ಲರ ಮಾತನ್ನೂ ನಿನ್ನೆ ರಾತ್ರಿ ಮಗಳಿಗೆ ಫೋನಿನಲ್ಲಿ ಓದಿ ಹೇಳಿದೆ. ಗಿಡ ಅಲ್ಲೇ ಇರಲಿ ಎಂದು ತೀರ್ಮಾನವಾಯಿತು. ಮಾರ್ಚಿನಲ್ಲಿ ಅಡಿಕೆ ಸುಲಿತವೆಲ್ಲ ಮುಗಿದ ಮೇಲೆ ನಾನೇ ಹೋಗಿ ನೋಡಿ ಬರುತ್ತೇನೆ. ಹೊರಡುವ ಮೊದಲು ಚಪ್ಪಲಿಯ ಅಡಿಯನ್ನು ಉಜ್ಜಿ ತೊಳೆಯುವಂತೆ ಯಜಮಾನರು ಈಗಲೇ ತಮಾಷೆ ಮಾಡುತ್ತಿದ್ದಾರೆ. ನಾನು ತಮಾಷೆಯೆಂದು ತೆಗೆದುಕೊಂಡಿಲ್ಲ. ಕಾನುತೋಟದವರ ಮಾತು ಕೇಳಿ ನಮ್ಮ ಅರೋಕೇರಿಯಾದ ಬುಡಕ್ಕೂ ಹೋಗಿ ನೋಡಿದೆ. ಹಂಚಿನ ನೀರು ಬಿದ್ದು ಅಲ್ಲೊಂದು ಹೊಂಡವಾಗಿತ್ತು, ಆಳು ಬಂದ ಕೂಡಲೇ ಕಾಲುವೆ ಕಡಿಸಿದೆ.

ಕೊಪ್ಪದವರಿಗೆ ಒಂದು ಕೊನೆಯ ಪ್ರಶ್ನೆ. ಮಗಳದು ನಾಲ್ಕನೆಯ ಮಹಡಿ, ಬಾಲ್ಕನಿ ಪೂರ್ವಕ್ಕಿದೆ. ಅಷ್ಟು ಬಿಸಿಲು ಸಾಕೇ?

ಕೊಪ್ಪದವ, ಸದ್ಯ ಸಿಡ್ನಿ

ಧಾರಾಳವಾಯಿತು. ಎಳೆಯ ಗಿಡಕ್ಕೆ ಬೆಳಗಿನ ಬಿಸಿಲೇ ಒಳ್ಳೆಯದು, ಪಶ್ಚಿಮದ ಬಿಸಿಲಿಗೆ ಚಿಗುರು ಕರಟುತ್ತದೆ. ಎರಡು ಮೂರು ವರ್ಷಕ್ಕೊಮ್ಮೆ ಒಂದು ಅಳತೆ ದೊಡ್ಡ ಕುಂಡಕ್ಕೆ ಬದಲಿಸಲಿ, ಬೇರನ್ನು ಹೆಚ್ಚು ಕೆದಕದೆ. ಬೆರಳಿನ ಎರಡು ಗೆಣ್ಣು ಮಣ್ಣೊಳಗೆ ಹಾಕಿ ಒಣಗಿದ್ದರೆ ಮಾತ್ರ ನೀರು ಕೊಡಲಿ. ನೀವು ಕಳಿಸಿದ ಚಿತ್ರದಲ್ಲಿ ಕುಂಡದ ಕೆಳಗೆ ನೀಲಿ ತಟ್ಟೆಯೊಂದು ಕಾಣುತ್ತಿದೆ. ಅದನ್ನು ಇವತ್ತೇ ತೆಗೆಯಲು ಹೇಳಿ.